ಪಂಕ್ತಿಯಲ್ಲಿ ಆಡಿದ ಮಾತು

ನನ್ನ ತಮ್ಮ ಹದಿನೇಳು ವರ್ಷ ಸೈನ್ಯದಲ್ಲಿದ್ದು, ನಿವೃತ್ತನಾಗಿ ನಮ್ಮ ತವರೂರು ನವಲಿಗೆ ಬಂದು ಈಗ ಅಪ್ಪನ ಹೊಲದಲ್ಲಿ ಭತ್ತ ಬೆಳೆಯುತ್ತಾನೆ. ಅವ್ವ ಅವನ ಜೊತೆಗಿದ್ದಾಳೆ. ನಾವಿರುವುದು ಗಂಗಾವತಿಯಲ್ಲಿ. ನನ್ನ ಯಜಮಾನರದು ಬೀಜ, ಗೊಬ್ಬರದ ಅಂಗಡಿ. ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಯಜಮಾನರಿಗೆ ಮೊದಲಿನಿಂದಲೂ ಒಂದು ಪಕ್ಷದ ಹುಚ್ಚು. ಚುನಾವಣೆ ಬಂತೆಂದರೆ ಅಂಗಡಿಯನ್ನು ನೌಕರನಿಗೆ ಒಪ್ಪಿಸಿ ಪ್ರಚಾರದ ಜೀಪು ಹತ್ತುತ್ತಾರೆ. ತಮ್ಮ ಯಾವ ಪಕ್ಷದವನೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಂಥ ಒಂದು ಚುನಾವಣೆಯ ಹೊತ್ತಿನಲ್ಲೇ ನಮ್ಮ ಮನೆಯ ಮೇಲಂತಸ್ತಿನ ಗೃಹಪ್ರವೇಶವಾಯಿತು. ನಲವತ್ತು ಐವತ್ತು ಜನ ನೆಂಟರು ಊಟಕ್ಕೆ ಕುಳಿತಿದ್ದರು. ತಮ್ಮ ತಾನಾಗಿಯೇ ಬಕೆಟ್ ಹಿಡಿದು ಗೋಧಿ ಹುಗ್ಗಿ ಬಡಿಸುತ್ತಿದ್ದ. ಪಂಕ್ತಿಯಲ್ಲಿ ಯಜಮಾನರ ಪಕ್ಕ ಅವರ ಪಕ್ಷದ ಮುಖಂಡರೊಬ್ಬರು ಕುಳಿತಿದ್ದರು. ತಮ್ಮನ ಸಮವಸ್ತ್ರದ ಫೋಟೊವನ್ನು ಪ್ರಚಾರದ ಫ್ಲೆಕ್ಸಿನಲ್ಲಿ ಹಾಕಿಸಿಕೊಡುತ್ತೇನೆಂದು ಯಜಮಾನರು ಅವರಿಗೆ ಮಾತು ಕೊಟ್ಟುಬಿಟ್ಟಿದ್ದರಂತೆ. ತಮ್ಮ ಬಡಿಸುತ್ತ ಎದುರಿಗೆ ಬಂದಾಗ ಯಜಮಾನರೇ ಅದನ್ನು ಎತ್ತಿದರು.

"ನಿನ್ನ ಫೋಟೊ ಒಂದು ಕೊಡಪಾ. ದೇಶ ಕಾಯ್ದ ಯೋಧನಿಗೆ ನಮ್ಮ ನಮನ ಅಂತ ಹಾಕಿಸ್ತೀವಿ."

"ಬ್ಯಾಡ್ರಿ ಮಾಮಾ," ಅಂದ ತಮ್ಮ. "ಆ ಅಂಗಿ ಯಾವ ಪಾರ್ಟೀದೂ ಅಲ್ಲ."

ಮುಖಂಡರು ನಕ್ಕು ಎಲೆಯ ಕಡೆ ನೋಡಿದರು. ಆ ನಗು ಯಜಮಾನರಿಗೆ ಚುಚ್ಚಿತೆಂದು ಕಾಣುತ್ತದೆ. ಎಲ್ಲರಿಗೂ ಕೇಳುವಂತೆ ಅಂದರು: "ಅಂಥಾದ್ದೇನ್ ಸೇವಾ ಮಾಡೀದಿ ನೀನು? ತಿಂಗಳಾ ತಿಂಗಳಾ ಪಗಾರ ತಗೊಂಡಿಲ್ಲೇನು? ನಮ್ಮ ತೆರಿಗಿ ರೊಕ್ಕದಾಗ ಉಂಡು, ನಮಗ ಶಾಣ್ಯಾತನ ಹೇಳ್ತಿ?"

ಎದುರು ಸಾಲಿನಲ್ಲಿ ಅವ್ವ ಕುಳಿತಿದ್ದಳು. ಬಾಯಿಗೆ ಒಯ್ದಿದ್ದ ತುತ್ತನ್ನು ಎಲೆಯ ಮೇಲೆ ಇಳಿಸಿದಳು. ತಮ್ಮ ಸಾಲಿನ ಕೊನೆಯವರೆಗೂ ಬಡಿಸಿದ, ಬಕೆಟ್ಟನ್ನು ಅಡುಗೆಯವರಿಗೆ ಕೊಟ್ಟ, ಕೈ ತೊಳೆದುಕೊಂಡ, ಅವ್ವನನ್ನು ಕರೆದುಕೊಂಡು ಹೊರಟುಹೋದ. ಅವನು ಒಂದು ತುತ್ತೂ ಉಂಡಿರಲಿಲ್ಲ. ನಾನು ಬಾಗಿಲವರೆಗೆ ಓಡಿದೆ. "ನೀ ಒಳಗ ಹೋಗಕ್ಕಾ, ಮಂದಿ ಬಂದಾರ," ಅಂದ, ಅಷ್ಟೆ.

ಆಮೇಲೆ ನಾನು ಯಜಮಾನರ ಜೊತೆ ಜಗಳ ಮಾಡಿದೆ. ಪಗಾರ ತೆಗೆದುಕೊಂಡು ದುಡಿಯುವವಳು ನಾನೂ ಹೌದು, ಹಾಗಾದರೆ ಮಕ್ಕಳಿಗೆ ನಾನು ಕಲಿಸಿದ್ದೂ ಸುಳ್ಳೇ ಎಂದು ಕೇಳಿದೆ. "ಸಿಟ್ಟಿನಾಗ ಬಂತು, ಏನ್ ಮಾಡ್ಲಿ," ಎಂದು ಅಂಗಡಿಗೆ ಹೋದರು. ತಪ್ಪಾಯಿತೆನ್ನುವ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಆ ವರ್ಷ ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ತಮ್ಮ ಬಂದ, ಆದರೆ ಮನೆಗಲ್ಲ, ಬಸ್ ನಿಲ್ದಾಣಕ್ಕೆ. ನಾನೇ ಚೀಲ ಹಿಡಿದು ಅಲ್ಲಿಗೆ ನಡೆದುಹೋದೆ. ತವರಿನಲ್ಲಿ ಯಾರೂ ಯಜಮಾನರ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ದಸರೆ ಕಳೆದ ಮೇಲೆ ಯಜಮಾನರ ಕಣ್ಣು ತೋರಿಸಲು ಕೊಪ್ಪಳಕ್ಕೆ ಹೊರಟೆವು. ಬಸ್ಸು ತುಂಬಿತ್ತು, ನಮಗೆ ಹೇಗೋ ಸೀಟು ಸಿಕ್ಕಿತ್ತು. ಮುಂದೆ ಹೆಂಗಸರ ಸೀಟಿನಲ್ಲಿ ಕೊರಳಿಗೆ ಪಕ್ಷದ ಶಾಲು ಹಾಕಿಕೊಂಡ ಒಬ್ಬ ಗಂಡಸು ಕುಳಿತಿದ್ದ. ಶಾಲು ಯಜಮಾನರ ಪಕ್ಷದ್ದೇ. ಕೂಸನ್ನೆತ್ತಿಕೊಂಡ ಒಬ್ಬಾಕೆ ಅವನ ಪಕ್ಕದಲ್ಲೇ ಕಂಬಿ ಹಿಡಿದು ನಿಂತಿದ್ದಳು. ಕಂಡಕ್ಟರ್ ಹೆಣ್ಣುಮಗಳು, ವಯಸ್ಸು ಮೂವತ್ತೂ ಇರಲಿಕ್ಕಿಲ್ಲ. "ಅಣ್ಣಾರ, ಲೇಡೀಸ್ ಸೀಟೈತ್ರಿ, ಆಕಿಗೆ ಬಿಡ್ರಿ," ಎಂದು ಸಮಾಧಾನವಾಗಿಯೇ ಕೇಳಿದಳು.

ಅವನು ಕುಳಿತಲ್ಲಿಂದಲೇ ದನಿ ಏರಿಸಿದ. "ಯಾರಿಗೆ ಹೇಳಾಕತ್ತಿ ಅನ್ನೋದು ಗೊತ್ತೈತೇನು? ನಮ್ಮ ತೆರಿಗಿ ರೊಕ್ಕದಾಗ ಉಣ್ಣಾಕಿ ನೀನು, ನಮಗ ಶಾಣ್ಯಾತನ ಹೇಳ್ತಿ?"

ನಾನು ಯಜಮಾನರನ್ನು ನೋಡಲಿಲ್ಲ, ನೋಡಲು ಧೈರ್ಯವಾಗಲಿಲ್ಲ. ಅವರು ಎದ್ದದ್ದು ಮಾತ್ರ ಗೊತ್ತಾಯಿತು.

"ಏಳ್ರಿ," ಅಂದರು ಅವನ ಹತ್ತಿರ ಹೋಗಿ. "ಆಕಿ ತನ್ನ ಕೆಲಸ ಮಾಡಾಕತ್ತಾಳ."

ಅವನಿಗೆ ಇವರ ಗುರುತು ಸಿಕ್ಕಿತು. "ಏನ್ ಅಣ್ಣಾ, ನೀವು ನಮ್ಮವರಾಗಿ…"

"ನೀ ನಮ್ಮವ ಅಂತನ ಹೇಳಾಕತ್ತೀನಿ. ಏಳು. ಆಕಿಗೆ ತಪ್ಪಾತು ಅನ್ನು."

ಅವನು ಎದ್ದ. ತಪ್ಪಾಯಿತು ಎಂದನೋ ಇಲ್ಲವೋ, ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕೂಸಿನ ತಾಯಿ ಕುಳಿತಳು. ಕಂಡಕ್ಟರ್ ಹಿಂದಿನವರ ಟಿಕೆಟ್ ಕೊಡಲು ಹೋದಳು. ಯಜಮಾನರು ಮರಳಿ ಬಂದು ಕುಳಿತವರು ಕೊಪ್ಪಳದವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಇಳಿದ ಮೇಲೆ ಚಹಾ ಕುಡಿಯುತ್ತ ಮೆಲ್ಲಗೆ ಕೇಳಿದರು.

"ನಾನೂ ಹಿಂಗ ಅಂದಿದ್ದೆ ಅಲ್ಲ?"

"ಹಿಂಗಲ್ಲ, ಇದ ಮಾತು ಅಂದಿದ್ರಿ."

ಅಲ್ಲಿಯೇ ಫೋನು ತೆಗೆದು ತಮ್ಮನಿಗೆ ಹಚ್ಚಲು ಹೋದರು. ನಾನು ಕೈ ಹಿಡಿದೆ. "ಫೋನ್‌ನಾಗ ಬ್ಯಾಡ್ರಿ. ಮಂದ್ಯಾಗ ಅಂದೀರಿ, ಮಂದ್ಯಾಗ ಹಿಂದಕ್ಕ ತಗೋರಿ." ಹಾಗೆ ಹೇಳಿದ್ದು ಹೆಚ್ಚಾಯಿತೇ ಎಂದು ಆಮೇಲೆ ದಿನಗಟ್ಟಲೆ ಹೆದರಿದೆ. ಇವರದು ಹಟದ ಸ್ವಭಾವ.

ಮುಂದಿನ ತಿಂಗಳು ಗಂಗಾವತಿಯಲ್ಲೇ ನನ್ನ ಚಿಕ್ಕಪ್ಪನ ಮೊಮ್ಮಗಳ ನಿಶ್ಚಿತಾರ್ಥ. ಗೃಹಪ್ರವೇಶಕ್ಕೆ ಬಂದಿದ್ದ ನೆಂಟರಲ್ಲಿ ಬಹಳಷ್ಟು ಜನ ಅಲ್ಲಿದ್ದರು. ತಮ್ಮ ಅವ್ವನ ಜೊತೆ ಚಪ್ಪರದ ಒಂದು ಬದಿಗೆ ಕುಳಿತಿದ್ದ. ಯಜಮಾನರು ಎರಡು ಸಲ ಎದ್ದರು, ಎರಡು ಸಲವೂ ಕುಳಿತರು. ಮೂರನೆಯ ಸಲ ಎದ್ದವರು ನೇರ ಅವನ ಮುಂದೆ ಹೋಗಿ ನಿಂತರು. ಸುತ್ತಲಿನವರು ತಿರುಗಿ ನೋಡಿದರು.

"ಅವತ್ತು ಇವರೆಲ್ಲಾರ ಮುಂದ ನಿನಗ ಹಗುರಾಗಿ ಮಾತಾಡಿದೆ," ಅಂದರು. "ಇವರೆಲ್ಲಾರ ಮುಂದನ ಹೇಳ್ತೀನಿ, ನಂದು ತಪ್ಪು. ನೀ ಅಲ್ಲಿ ಗಡ್ಯಾಗ ನಿಂತಿದ್ದಿ ಅಂತ ನಾವಿಲ್ಲಿ ಆರಾಮ ಅಂಗಡಿ ತೆಗೆದ್ವಿ. ಇದನ್ನ ಮೊದಲ ಹೇಳಬೇಕಿತ್ತು."

ತಮ್ಮ ಎದ್ದು ನಿಂತ. "ಪಗಾರ ತಗೊಂಡಿದ್ದು ಖರೇನ ಐತ್ರಿ ಮಾಮಾ, ಅದಕ್ಕ ನಾ ಬ್ಯಾಸರ ಮಾಡ್ಕೊಂಡಿಲ್ಲ. ಅವ್ವನ ಮುಂದ ಅಂದ್ರಿ, ಅದೊಂದ ನೋವಾಗಿತ್ತು."

ಯಜಮಾನರು ಅವ್ವನ ಕಾಲು ಮುಟ್ಟಲು ಬಾಗಿದರು. ಅವ್ವ ಕಾಲು ಹಿಂದಕ್ಕೆ ತೆಗೆದುಕೊಂಡು, ಅವರ ಭುಜ ಹಿಡಿದು ಎಬ್ಬಿಸಿದಳು. "ಆತು ಬಿಡ್ರಿ. ಊಟಕ್ಕ ಏಳ್ರಿ ಇಬ್ಬರೂ," ಅಂದಳು. ಅವಳ ದನಿ ಎಂದಿನಂತೆಯೇ ಇತ್ತು. ಏಳು ತಿಂಗಳಿಂದ ಯಾವ ಮದುವೆ ಮನೆಯಲ್ಲೂ ನನಗೆ ಊಟ ರುಚಿಸಿರಲಿಲ್ಲ. ಅವತ್ತು ನಾಚಿಕೆಯಿಲ್ಲದೆ ಎರಡು ಸಲ ಅನ್ನ ಹಾಕಿಸಿಕೊಂಡೆ.

ಯಜಮಾನರು ಪಕ್ಷ ಬಿಡಲಿಲ್ಲ, ಬಿಡಿರೆಂದು ನಾನು ಕೇಳಲೂ ಇಲ್ಲ. ತಮ್ಮ ಈಗ ಸಂತೆಗೆ ಬಂದಾಗಲೆಲ್ಲ ಅಂಗಡಿಯಲ್ಲಿ ಕುಳಿತು ಹೋಗುತ್ತಾನೆ. ಒಮ್ಮೆ ಯಜಮಾನರು ಅವನನ್ನು, "ಅಲ್ಲಿ ಹಿಮದಾಗ ಹೊಟ್ಟಿಗೇನ್ ಮಾಡ್ತಿದ್ರಿ?" ಎಂದು ಕೇಳಿದರಂತೆ. ಆ ಹದಿನೇಳು ವರ್ಷದ ಸೇವೆಯ ಬಗ್ಗೆ ಅವರು ಕುತೂಹಲದಿಂದ ಕೇಳಿದ ಮೊದಲ ಪ್ರಶ್ನೆ ಅದು. ಹಿಟ್ಟು ನಾದಲು ಹಿಮ ಕರಗಿಸುತ್ತಿದ್ದದ್ದು, ನಮ್ಮ ಕಡೆಯಂತೆ ರೊಟ್ಟಿ ಬಡಿಯಲು ಹೋಗಿ ಅದು ಮುರಿದು ಪಂಜಾಬಿನ ಗೆಳೆಯರೆಲ್ಲ ನಕ್ಕದ್ದು, ಎಲ್ಲವನ್ನೂ ತಮ್ಮ ಹೇಳಿದನಂತೆ. ಆ ದಿನ ಯಜಮಾನರು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದದ್ದು ನಾಲ್ಕು ಗಂಟೆಗೆ, ತಮ್ಮನನ್ನೂ ಕರೆದುಕೊಂಡು.