ಗುರುಬಸವ್ವ ಕೂಡಿಸಿದ ವಾಯರು

ರಬಕವಿಯ ನಮ್ಮ ಓಣಿಯಲ್ಲಿ ಗುರುಬಸವ್ವ ಹರಿದ ಎಳೆ ಕೂಡಿಸಿದರೆ ಆ ಜಾಗ ಕಣ್ಣಿಗೆ ಬೀಳುತ್ತಿರಲಿಲ್ಲ, ಬೆರಳಿಗೂ ಹತ್ತುತ್ತಿರಲಿಲ್ಲ. ಇದು ಉಬ್ಬಿಸಿ ಹೇಳುವ ಮಾತಲ್ಲ. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ, ಮಗ್ಗಕ್ಕೆ ಉದ್ದಕ್ಕೂ ಹಾಸಿದ ಎಳೆ ಹರಿದು ಕೆಲಸ ನಿಂತಾಗಲೆಲ್ಲ ಪಕ್ಕದ ಮನೆಯವಳಾದ ನಾನು ಆ ಗೋಡೆ ತಟ್ಟಿ ಅವಳನ್ನು ಕರೆಯುತ್ತಿದ್ದೆ. ಬರುತ್ತಿದ್ದಳು, ಕೂಡಿಸುತ್ತಿದ್ದಳು, ನನ್ನ ನೇಯ್ಗೆಯಲ್ಲಿ ನಾಲ್ಕು ತಪ್ಪು ಎತ್ತಿ ಹೋಗುತ್ತಿದ್ದಳು.

ಎಂಬತ್ತರ ದಶಕದಲ್ಲಿ ಊರ ತುಂಬ ಪಾವರ್‌ಲೂಮ್ ಬಂದವು. ಅವಳ ಗಂಡ ರಾಚಪ್ಪ ಕೈಮಗ್ಗ ಬಿಟ್ಟು ಒಂದು ಡ್ರಿಲ್ ಮಷಿನ್ ಕೊಂಡ. ಹೊಸ ಮಗ್ಗ ಅಲುಗಾಡದಂತೆ ನೆಲದ ಫರಸಿ ಕಲ್ಲಿಗೆ ತೂತು ಹಾಕಿ ಬೋಲ್ಟ್ ಬಿಗಿಯಬೇಕು, ಅದೇ ಅವನ ಕೆಲಸ. ಶೆಡ್ಡಿನ ಮೂಲೆ ಮೂಲೆಗೆ ಕರೆಂಟ್ ಒಯ್ಯಲು ಉದ್ದನೆಯ ವಾಯರ್ ಇಟ್ಟುಕೊಂಡಿದ್ದ. ಒಂದು ದಿನ ಅದರ ಮೇಲೆ ಮಗ್ಗದ ಕಾಲು ಬಿದ್ದು ವಾಯರ್ ತುಂಡಾಯಿತು.

ಬೇರೆ ಊರಿನವರಾದರೆ ಹೊಸದು ತರುತ್ತಿದ್ದರೇನೋ. ನಮ್ಮದು ನೇಕಾರರ ಊರು. ಇಲ್ಲಿ ಹರಿದದ್ದನ್ನು ಎಸೆಯುವುದೆಂದರೆ ಕೈಲಾಗದವರ ಲಕ್ಷಣ. ಗುರುಬಸವ್ವ ಒಳಗಿನ ತಂತಿಗಳನ್ನು ಹೊಸೆದು, ಒಂದಕ್ಕೊಂದು ತಾಗದಂತೆ ನೂಲು ಸುತ್ತಿ, ಮೇಲೆ ಗಂಜಿ ಹಚ್ಚಿದ ಕರಿ ನೂಲನ್ನು ಒತ್ತೊತ್ತಾಗಿ ಬಿಗಿದಳು. ಗಂಡನ ಮೇಲಿನ ಪ್ರೀತಿಯಿಂದ ಮಾಡಿದ ಕೆಲಸ ಅದು. ಅಂಥ ಅಚ್ಚುಕಟ್ಟು ನಾನು ಮದುವೆ ಸೀರೆಯಲ್ಲೂ ನೋಡಿಲ್ಲ.

ರಾಚಪ್ಪ ಹೋದಲ್ಲೆಲ್ಲ ವಾಯರ್ ಚಾಚಿ ಕೇಳುತ್ತಿದ್ದ: "ನನ್ನ ಹೇಣ್ತಿ ಎಲ್ಲಿ ಕೂಡಿಸ್ಯಾಳ, ಕಣ್ಣ ಮುಚ್ಚಿ ಹುಡುಕ್ರಿ ನೋಡೂಣು!"

ಮಂದಿ ಹುಡುಕಿ ಸೋತರು. ಸೋತವರೆಲ್ಲ ಮನೆಗೆ ಹೋಗಿ ತಮ್ಮ ವಾಯರ್‌ಗೂ ಹಾಗೆಯೇ ನೂಲು ಸುತ್ತಿದರು.

ಬೇಸಿಗೆ ಬಂತು. ಒಣಹವೆಗೆ ಎಳೆ ಪಟಪಟ ಹರಿಯುತ್ತದೆ, ಅದಕ್ಕೆ ಇಲ್ಲಿ ಶೆಡ್ಡಿನ ನೆಲಕ್ಕೆ ಆಗಾಗ ನೀರು ಚೆಲ್ಲುತ್ತಾರೆ. ಅವತ್ತು ಶಿದ್ರಾಮಪ್ಪ ಸಾವಕಾರರ ಶೆಡ್ಡಿನಲ್ಲೂ ಚೆಲ್ಲಿದ್ದರು. ರಾಚಪ್ಪ ಬರಿಗಾಲಲ್ಲಿ ಕೂತು ತೂತು ಹಾಕುತ್ತಿದ್ದ. ವಾಯರ್ ಸಾಲದೆ ತನ್ನತ್ತ ಎಳೆದುಕೊಂಡ. ಕೈ ಸರಿಯಾಗಿ ಆ ನೂಲು ಸುತ್ತಿದ ಜಾಗಕ್ಕೇ ಬಿತ್ತು. ನೀರು ಕುಡಿದ ನೂಲು ಕರೆಂಟನ್ನು ತಡೆಯಲಿಲ್ಲ. ಸ್ವಿಚ್ಚು ಆಚೆ ಗೋಡೆಗಿತ್ತು, ಅದರ ಹತ್ತಿರ ಯಾರೂ ಇರಲಿಲ್ಲ. ಮಂದಿ ಮಗ್ಗಗಳ ಸಂದಿಯಲ್ಲಿ ತೂರಿಕೊಂಡು ಹೋಗಿ ಅದನ್ನು ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಪಾಸಣೆಗೆ ಬಂದವನೊಬ್ಬ ವಾಯರ್ ತಿರುವಿ ತಿರುವಿ ನೋಡಿ, ಅವಳ ಎದುರಿಗೇ ಅಂದ: "ಏನ್ ಛಂದ ಸುತ್ಯಾರರೀ ಇದನ್ನ!" ಅವನ ನಾಲಿಗೆ ಸೇದಿಹೋಗಬಾರದಿತ್ತೇ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಊರವರು ಹಣೆಬರಹ ಎಂದರು. ಗುರುಬಸವ್ವ ಮಾತ್ರ, "ಹಣಿಬರಾ ಅಲ್ಲಬೇ, ನನ್ನ ಕೈಬರಾ" ಎಂದಳು. ಅಳಲಿಲ್ಲ. ಆಮೇಲೆ ಅವಳು ಎಳೆ ಕೂಡಿಸಲೂ ಇಲ್ಲ. ನಾನು ಗೋಡೆ ತಟ್ಟುವುದನ್ನು ಬಿಟ್ಟೆ.

ಮನೆ ನಡೆಯಬೇಕಲ್ಲ. ರಾಚಪ್ಪನ ತಮ್ಮ ಚನಮಲ್ಲಪ್ಪ ಅದೇ ಮಷಿನ್ ಹಿಡಿದ. ಬೇಡ ಅನ್ನಲು ಗುರುಬಸವ್ವನಿಗೆ ಬಾಯಿ ಬರಲಿಲ್ಲ. ಹೊಸ ವಾಯರ್ ತರಿಸಿದಳು, ಮೂರು ಕಾಲಿನ ಪ್ಲಗ್ ಹಾಕಿಸಿದಳು, ರಬ್ಬರ್ ಚಪ್ಪಲಿ ಕೊಡಿಸಿದಳು. ದಿನಾ ಮುಂಜಾನೆ ಆ ವಾಯರನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳ ಸಂದಿಯಲ್ಲಿ ಹಾಯಿಸಿ ನೋಡಿಯೇ ಅವನನ್ನು ಹೊರಗೆ ಕಳಿಸುತ್ತಿದ್ದಳು. ಮೈದುನನೂ ಹಾಗೇ ಹೋಗಿಬಿಟ್ಟಾನು ಎಂಬ ಅಂಜಿಕೆ ಅವಳನ್ನು ತಿನ್ನುತ್ತಿತ್ತು. ಸಂಜೆ ಅವನ ಚಪ್ಪಲಿ ಸಪ್ಪಳ ಕೇಳುವ ತನಕ ಒಲೆ ಹೊತ್ತಿಸುತ್ತಿರಲಿಲ್ಲ.

ಒಂದು ಮುಂಜಾನೆ ಅವಳ ಬೆರಳು ವಾಯರಿನ ನಡುವೆ ಒಂದು ಕಡೆ ನಿಂತಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ, ನನಗೇನೂ ಕಾಣಲಿಲ್ಲ.

"ಯಾರು ಕೂಡಿಸಿದ್ರು ಇದನ್ನ?"

ಚನಮಲ್ಲಪ್ಪ ಅತ್ತಿಗೆಯತ್ತ ನೋಡಿ ನಕ್ಕ. "ನಾನ, ವೈನಿ. ನಿನ್ನೆ ಹರೀತು. ನೀ ಕೂಡಸೂದು ನೋಡಿ ಕಲ್ತಿದ್ನಲ್ಲ? ಹೆಂಗ ಬಂದೈತಿ?"

ಅವಳಿಗೆ ಖುಷಿಯಾಗಲಿ ಎಂದೇ ಆ ಹುಚ್ಚಪ್ಪ ಹೇಳಿದ್ದ. ಗುರುಬಸವ್ವ ಒಳಗಿಂದ ಕತ್ತರಿ ತಂದು ಆ ಜಾಗ ಕತ್ತರಿಸಿದಳು. ಆಮೇಲೆ ಬಾಗಿಲಿಗೆ ಒರಗಿ, ಗಂಡ ಸತ್ತಾಗಲೂ ಅಳದವಳು, ಓಣಿಗೆಲ್ಲ ಕೇಳುವಂತೆ ಅತ್ತಳು. ನಾನು ಎದ್ದು ಹೋಗಿ ಅವಳ ಬೆನ್ನಿಗೆ ಕೈಯಿಟ್ಟೆ.

ಅಂದಿನಿಂದ ಅವಳು ಕತ್ತರಿ ಹಿಡಿದು ಶೆಡ್ಡು ಶೆಡ್ಡು ತಿರುಗಿದಳು. ನೂಲು ಸುತ್ತಿದ ವಾಯರ್ ಸಿಕ್ಕಲ್ಲೆಲ್ಲ ಕತ್ತರಿಸಿದಳು. ಕೆಲವರು ಬಚ್ಚಿಟ್ಟರು, ಕೆಲವರು ಬೈದರು.

"ನಿನ್ನ ಗಂಡನ ಬಂದು ಇದನ್ನ ತೋರಿಸಿ ಹ್ವಾದ, ಈಗ ನೀನ ಕತ್ತರಸ್ತೀ?" ಎಂದು ಒಬ್ಬ ರೇಗಿದ.

"ಹೌದ್ರಿ. ನಮ್ಮ ಮನ್ಯಾಂದ ಬಂದದ್ದು, ನಾನ ತಗೊಂಡ ಹೊಕ್ಕೇನಿ" ಎಂದಳು.

ಮುಂದಿನ ಬೇಸಿಗೆಯಲ್ಲಿ ಶಿದ್ರಾಮಪ್ಪ ಸಾವಕಾರರು ಇನ್ನೆರಡು ಮಗ್ಗ ತರಿಸಿ ಚನಮಲ್ಲಪ್ಪನಿಗೆ ಹೇಳಿಕಳಿಸಿದರು. ಅದೇ ಶೆಡ್ಡು. ಗುರುಬಸವ್ವ ನನ್ನನ್ನೂ ಕರೆದುಕೊಂಡು ಅವನ ಹಿಂದೆಯೇ ಹೋದಳು. ಬಾಗಿಲಲ್ಲಿ ಬಗ್ಗಿ ನೆಲಕ್ಕೆ ಅಂಗೈ ಹಚ್ಚಿದಳು. ತೇವವಿತ್ತು.

"ಒಣಗಲಿ ತಡೀರಿ" ಎಂದಳು.

"ಎಳಿ ಹರೀತಾವಲ್ಲಬೇ" ಎಂದರು ಸಾವಕಾರರು.

"ಹರೀಲಿ ಬಿಡ್ರಿ. ಬರೇ ಎಳಿ ಅಲ್ಲೇನ್ರಿ?"

ಅವಳು ಕೂತು ತನ್ನ ಸೆರಗಿನಿಂದಲೇ ಆ ಫರಸಿ ಒರೆಸತೊಡಗಿದಳು. ರಾಚಪ್ಪ ಬಿದ್ದಿದ್ದ ಜಾಗಕ್ಕೆ ಬಂದಾಗ ಕೈ ನಿಧಾನವಾಯಿತು. ನನಗೆ ನೋಡಲಾಗದೆ ನಾನೂ ಪಕ್ಕದಲ್ಲಿ ಕೂತು ಒರೆಸಿದೆ.

ನೆಲ ಒಣಗಿದ ಮೇಲೆ ಚನಮಲ್ಲಪ್ಪ ಮಷಿನ್ ಹಚ್ಚಿದ. ಗುರುಬಸವ್ವ ಆಚೆ ಗೋಡೆಗೆ ಹೋಗಿ, ಅವನು ಕೊನೆಯ ತೂತು ಮುಗಿಸುವ ತನಕ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ರಾಚಪ್ಪ ಹೋದ ದಿನ ಅಲ್ಲಿ ಯಾರೂ ನಿಂತಿರಲಿಲ್ಲ.