ವೀಳ್ಯ ಹಿಡಿದ ಮೇಲೆ

ಶ್ರೀರಂಗಪಟ್ಟಣದ ಸುತ್ತ ಕಾವೇರಿಯಲ್ಲಿ ಯಾರಾದರೂ ಕೊಚ್ಚಿಹೋದರೆ ಪೊಲೀಸರಿಗಿಂತ ಮೊದಲು ಸಿದ್ದರಾಜುವಿಗೆ ಫೋನು ಹೋಗುತ್ತದೆ. ಕಬ್ಬು ಬೆಳೆಯುವ ಒಕ್ಕಲುತನದವನು, ಎಮ್ಮೆಯ ಬಾಲ ಹಿಡಿದು ಈಜು ಕಲಿತವನು. ಬದುಕಿದ್ದವರನ್ನೂ ತಂದಿದ್ದಾನೆ, ಹೆಣಗಳನ್ನೂ ತಂದಿದ್ದಾನೆ. ಕಾಸು ಮುಟ್ಟುವುದಿಲ್ಲ. ಕಳೆದುಕೊಂಡವರ ಮನೆಯವರು ಎಲೆ ಅಡಿಕೆ ಕೊಡಬೇಕು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇವನು ನೀರಿಗಿಳಿಯಬೇಕು. ವೀಳ್ಯ ಹಿಡಿದವನು ಬರಿಗೈಲಿ ದಡಕ್ಕೆ ಬರಬಾರದು ಎಂಬುದು ಅವರ ಕಡೆಯ ಪದ್ಧತಿ. ಹಾಳು ಪದ್ಧತಿ ಅನ್ನಿ. ಅವನ ದೊಡ್ಡಪ್ಪನ ಮಗ ಧರ್ಮೇಂದ್ರ ಹಾಗೆಯೇ ವೀಳ್ಯ ಹಿಡಿದು ಸುಳಿಗೆ ಇಳಿದು ಸತ್ತ. ಅವನ ಹೆಣವನ್ನೂ ಸಿದ್ದರಾಜುವೇ ಹುಡುಕಿದ. ಆಮೇಲೂ ಯಾರ ವೀಳ್ಯವನ್ನೂ ಬೇಡವೆಂದವನಲ್ಲ.

ಈ ಆಷಾಢದಲ್ಲಿ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟ ದಿನ, ಪಂಪ್‌ಸೆಟ್ಟಿನ ಮೋಟಾರು ಎತ್ತಿಡಲು ಹೋದ ಮೋಹನ್ ಕುಮಾರ್ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದ. ಮಧ್ಯಾಹ್ನದವರೆಗೂ ಮರದ ಮೇಲಿಂದ ಟವಲ್ ಬೀಸುತ್ತಿದ್ದನಂತೆ. ಆಮೇಲೆ ಮರವೂ ಮುಳುಗಿತು. ಸಿದ್ದರಾಜು ಬರುವ ಹೊತ್ತಿಗೆ ಮೋಹನ್ ಕುಮಾರನ ತಾಯಿ ವೆಂಕಟಮ್ಮ ಎಲೆ ಅಡಿಕೆ ಹಿಡಿದು ನಿಂತಿದ್ದಳು. ಅದನ್ನು ಇಸಿದುಕೊಂಡು ತೆಪ್ಪಕ್ಕೆ ಕಾಲಿಡುವಾಗ ಅಗ್ನಿಶಾಮಕ ದಳದ ಮಾನಸ ಅಡ್ಡ ಬಂದಳು.

"ಅಣ್ಣ, ಮೊದ್ಲು ಡ್ರೋನ್ ಹೋಗ್ಬರ್ಲಿ. ನೋಡ್ಕಂಡು ಇಳೀರಿ."

"ವೀಳ್ಯ ಈಸ್ಕಂಡಿವ್ನಿ ಕಣವ್ವ, ಬುಡು."

ಅವಳು ತೆಪ್ಪದ ಹಗ್ಗ ಬಿಡಲಿಲ್ಲ.

ಡ್ರೋನ್ ಹಾರಿತು. ಮಾನಸಳ ಕೈಯಲ್ಲಿದ್ದ ಪರದೆಯ ಮೇಲೆ, ಮುಳ್ಳುಪೊದೆಗೆ ಸಿಕ್ಕಿದ ನೀಲಿ ಅಂಗಿ ಕಂಡಿತು. ಮುಖ ನೀರೊಳಗಿತ್ತು. ಮೈಯ ಕಾವು ತೋರಿಸುವ ಕ್ಯಾಮರಾದಲ್ಲೂ ಆ ಮೈ ನೀರಿನಷ್ಟೇ ತಣ್ಣಗೆ ಕಂಡಿತು. ಪೊದೆಗೆ ಹೋಗುವ ದಾರಿಯಲ್ಲೇ, ದಡದಿಂದ ಕಾಣದ ತಿರುವಿನಲ್ಲಿ, ಬೇರುಸಮೇತ ಬಂದ ಮರಗಳು ಒಂದಕ್ಕೊಂದು ಸಿಕ್ಕಿಕೊಂಡು ನೀರು ಅವುಗಳಡಿಗೆ ನುಗ್ಗುತ್ತಿತ್ತು. ಅಲ್ಲಿಗೆ ಹೋದ ತೆಪ್ಪ ಮೇಲೇಳುವ ಮಾತೇ ಇಲ್ಲ. ಧರ್ಮೇಂದ್ರನಿಗೆ ಹೀಗೆ ತೋರಿಸುವವರು ಒಬ್ಬರೂ ಇರಲಿಲ್ಲವಲ್ಲ ಎಂದುಕೊಂಡ ಸಿದ್ದರಾಜು.

ಮೋಹನ್ ಕುಮಾರನಲ್ಲಿ ಪ್ರಾಣ ಇದ್ದಿದ್ದರೆ ಇಳಿದೇ ಬಿಡುತ್ತಿದ್ದ. ನೀರು ಇಳಿಯುವವರೆಗೂ ಹೆಣ ಕಾಯುತ್ತದೆ. ಆದರೆ ಹೆತ್ತವಳಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು? ನೀರಿಗಿಳಿಯದೆ ದಡದ ಮೇಲೆ ನಿಂತು ಅವನು ಹೆದರಿದ.

ವೆಂಕಟಮ್ಮ ತಾನಾಗಿಯೇ ಹತ್ತಿರ ಬಂದಳು. "ನಂಗೂ ತೋರ್ಸಪ್ಪ."

ಮಾನಸಳಿಂದ ಪರದೆ ಇಸಿದುಕೊಂಡು ಅವಳ ಮುಂದೆ ಹಿಡಿದ.

"ಕೈ ಆಡುಸ್ತಾವ್ನೆ! ನೋಡಪ್ಪ, ಕೈ ಆಡುಸ್ತಾವ್ನೆ!"

"ಅವ್ನಲ್ಲ ಕಣವ್ವ," ಎಂದ ಸಿದ್ದರಾಜು. "ನೀರು ಆಡುಸ್ತಾ ಅದೆ."

ಅವಳು ಸೆರಗಿನಿಂದ ಪರದೆಯ ಮೇಲಿನ ಮಳೆಹನಿ ಒರೆಸಿ ಮತ್ತೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಅಂಗಾದ್ರೆ ನೀನು ಇಳೀಬ್ಯಾಡ ಕಣಪ್ಪ. ನಿಮ್ಮನೇಲೂ ಕಾಯ್ತಾ ಇರ್ತಾರೆ."