ಅಂಜಿನಕ್ಕನ ಗೊಂಚಲು ಹೀರೆ

ಗುಡೇಕೋಟೆಯಲ್ಲಿ ಅಂಜಿನಕ್ಕನ ಮನೆ ಯಾವುದು ಎಂದು ಕೇಳಿದರೆ ಯಾರೂ ಬಾಗಿಲು ತೋರಿಸುತ್ತಿರಲಿಲ್ಲ, ಹಿತ್ತಲು ತೋರಿಸುತ್ತಿದ್ದರು. ಅದೇನು ದೊಡ್ಡ ತೋಟವಲ್ಲ ಬಿಡಿ. ಎರಡು ಗಾಡಿ ನಿಲ್ಲಿಸಿದರೆ ತುಂಬಿಹೋಗುವ ಜಾಗ, ಮೂರು ಕಡೆ ಕಲ್ಲುಗೋಡೆ, ಒಂದು ಕಡೆ ಬಚ್ಚಲು. ಆದರೆ ಅಲ್ಲಿ ಬೆಳೆಯುತ್ತಿದ್ದದ್ದು ಸಂತೆಯಲ್ಲಿ ಸಿಗುವ ಸರಕಲ್ಲ. ಸುಣ್ಣದ ಬಣ್ಣದ ಹಾಗಲಕಾಯಿ, ಮೊಳಕ್ಕಿಂತ ಉದ್ದದ ಅಲಸಂದೆ, ಕೊಯ್ದರೆ ಒಳಗೆಲ್ಲ ಹಳದಿ ಇರುವ ಕಲ್ಲಂಗಡಿ. ಎಲ್ಲವೂ ಬೀಜದಿಂದ ಎಬ್ಬಿಸಿದ್ದು. ಯಾರ ಮನೆಗೆ ಊಟಕ್ಕೆ ಹೋದರೂ ಎಲೆಯ ಮೂಲೆಯಲ್ಲಿ ಬೀಜ ಕೂಡಿಸಿ, ತೊಳೆದು, ಸೆರಗಿಗೆ ಗಂಟು ಹಾಕಿಕೊಂಡು ಬರುತ್ತಿದ್ದಳು. ಯಾರಾದರೂ ನಕ್ಕರೆ, "ಊಟ ನಿಮ್ದು, ಬೀಜ ನಂದು" ಎನ್ನುತ್ತಿದ್ದಳು.

ಇದರ ಮೇಲೆ ಕೈಗುಣದ ಹೆಸರು ಬೇರೆ. ಮಳೆಗಾಲದ ಮೊದಲಿಗೆ, ಮಿರಗದ ಮಳೆಗೆ, ಬಳ್ಳಿಯ ಬೀಜ ಹಾಕುವಾಗ ಮೊದಲ ಬೀಜವನ್ನು ಕೈಗುಣ ಇದ್ದವರ ಕೈಯಿಂದ ಹಾಕಿಸಬೇಕೆಂಬುದು ಆ ಕಡೆಯವರ ನಂಬಿಕೆ. ಅಂಜಿನಕ್ಕ ಹಾಕಿದ ಬೀಜ ಸುಳ್ಳಾಗುವುದಿಲ್ಲ ಎಂದು ಸುತ್ತಲಿನ ಹಳ್ಳಿಗಳೆಲ್ಲ ಒಪ್ಪಿದ್ದವು. ಕರೆದಲ್ಲಿಗೆ ಹೋಗಿ, ಒಂದು ಬೀಜ ಹಾಕಿ, ಹೋಳಿಗೆ ಉಂಡು, ಕುಪ್ಪಸದ ಬಟ್ಟೆ ಹಿಡಿದುಕೊಂಡು ಬರುತ್ತಿದ್ದಳು. ಹೀಗಾಗಿ ಸ್ವಲ್ಪ ಬೀಗಿಯೂ ಇದ್ದಳು. ಬೀಗಲಿ, ಅವಳಿಗೆ ಬೀಗಲು ಬೇರೆ ಏನಿತ್ತು? ಗಂಡ ಕರಿಸಿದ್ದಪ್ಪ ಒಳ್ಳೆಯವನೇ, ಆದರೆ ಅವನಲ್ಲಿ ಬೀಗುವಂಥದ್ದೇನೂ ಇರಲಿಲ್ಲ.

ಅವಳ ಕಣ್ಮಣಿ ಗೊಂಚಲು ಹೀರೆ. ಹೀರೆಕಾಯಿ ಎಂದರೆ ಉದ್ದಕ್ಕೆ ಒಂಟಿಯಾಗಿ ಜೋತಾಡುವುದು ಲೋಕರೂಢಿ. ಇದು ಹಾಗಲ್ಲ, ಕೋಳಿಮೊಟ್ಟೆ ಗಾತ್ರದ ಕಾಯಿ, ಒಂದು ಗೊಂಚಲಿಗೆ ಐದೋ ಆರೋ. ಇಡಿಕಾಯಿಯನ್ನೇ ಬದನೆಯ ಹಾಗೆ ಸೀಳಿ ಎಣ್ಣೆಗಾಯಿ ಮಾಡಬಹುದು. ಹತ್ತು ವರ್ಷದ ಹಿಂದೆ ಕೂಡ್ಲಿಗಿಯ ಹೆದ್ದಾರಿ ಬದಿಯಲ್ಲಿ, ಕೆಟ್ಟು ನಿಂತ ಲಾರಿಯ ನೆರಳಲ್ಲಿ ಅಡುಗೆ ಮಾಡುತ್ತಿದ್ದ ಉತ್ತರದ ಡ್ರೈವರನ ಬುಟ್ಟಿಯಲ್ಲಿ ಅವಳು ಅದನ್ನು ಕಂಡಿದ್ದಳು. ಅವನಿಗೆ ಕನ್ನಡ ಬರದು, ಇವಳಿಗೆ ಹಿಂದಿ ಬರದು. ಕೈಸನ್ನೆಯಲ್ಲೇ ಒಣಗಿದ ಎರಡು ಕಾಯಿ ಗಿಟ್ಟಿಸಿಕೊಂಡು ಬಂದಿದ್ದಳು. ಬೇರೆ ಬೀಜವೆಲ್ಲ ಕೇಳಿದವರಿಗೆ ಬೊಗಸೆ ಕೊಡುವವಳು ಇದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕೇಳಿದರೆ, "ಅದು ನಿಮ್ಮ ಮಣ್ಣಿಗೆ ಬರಂಗಿಲ್ರಿ" ಎಂಬ ಒಂದೇ ಮಾತು. ಐದು ತಾಲ್ಲೂಕಿನಲ್ಲಿ ಅದು ಇರುವುದು ತನ್ನೊಬ್ಬಳ ಹಿತ್ತಲಲ್ಲಿ ಎನ್ನುವುದು ಅವಳಿಗೆ ಹೋಳಿಗೆಗಿಂತ ರುಚಿಯಾಗಿತ್ತು.

ಬಳ್ಳಿಯ ಬೀಜಕ್ಕೆ ಹುಳ ಬೀಳದಿರಲು ಅಲ್ಲಿಯ ಹೆಂಗಸರು ಹಸಿ ಸಗಣಿಯನ್ನು ಉರುವಲಿನ ಕುಳ್ಳಿನ ಹಾಗೆ ತಟ್ಟಿ, ಅದರಲ್ಲಿ ಬೀಜ ಒತ್ತಿ, ಗೋಡೆಗೆ ಬಡಿದು ಒಣಗಿಸುತ್ತಾರೆ. ಮಳೆ ಬರುವ ತನಕ ಬೀಜ ಅಲ್ಲೇ. ಅಂಜಿನಕ್ಕ ಬಚ್ಚಲಿನ ಗೋಡೆಗೆ ಬಗೆಗೊಂದರಂತೆ ಅಂಥವು ಏಳು ಬಡಿದಿದ್ದಳು. ಗೊಂಚಲು ಹೀರೆಯದಕ್ಕೆ ಗುರುತಿಗೆಂದು ಸುಣ್ಣದ ಬೊಟ್ಟು ಇಟ್ಟಿದ್ದಳು.

ತೊಂಬತ್ತೆಂಟರ ಯುಗಾದಿ. ಕರಿಸಿದ್ದಪ್ಪನಿಗೆ ಅದ್ಯಾವ ದೇವರು ಬುದ್ಧಿ ಕೊಟ್ಟನೋ, ಹೆಂಡತಿ ಏಳುವ ಮೊದಲೇ ಎದ್ದು ತಾನೇ ನೀರೊಲೆ ಹಚ್ಚಿದ. ಅವಳು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಹಂಡೆ ಬರಿದಾಗುವ ತನಕ ಹೊಯ್ದುಕೊಂಡು, ಕೂದಲು ಒರೆಸಿಕೊಳ್ಳುತ್ತಾ ಹೊರಗೆ ಬಂದು ಗಂಡನನ್ನು ಹೊಗಳಿದಳು.

"ಇವತ್ತು ನೀರು ಭಾಳ ಚಲೋ ಕಾದಿದ್ವು ನೋಡು. ಕುಳ್ಳು ಎಲ್ಲಿದ್ವು?"

"ಅಲ್ಲೇ ಗೋಡಿಗಿದ್ವಲ್ಲ, ಏಳು. ಒಂದಕ್ಕ ಹಬ್ಬಕ್ಕಂತ ಬೊಟ್ಟೂ ಇಟ್ಟಿದ್ದಿ" ಎಂದ ಕರಿಸಿದ್ದಪ್ಪ, ಹೊಗಳಿಕೆಯಿಂದ ಹಿಗ್ಗಿ.

ಅಂಜಿನಕ್ಕ ಒಲೆಯ ಮುಂದೆ ಕುಕ್ಕರಿಸಿ ಬೂದಿ ಕೆದಕಿದಳು. ಒಂದು ಬೀಜವಾದರೂ ಉಳಿದಿರಬಾರದೇ? ಉಳಿದಿರಲಿಲ್ಲ. ಹಿಂದಿನ ವರ್ಷದ ಬಳ್ಳಿ ಒಣಗಿ ಹೋಗಿತ್ತು, ಇದ್ದಬದ್ದ ಬೀಜವೆಲ್ಲ ಆ ಕುಳ್ಳಿನಲ್ಲೇ ಇತ್ತು. ಅವಳು ಬೈಯಲಿಲ್ಲ, ಅದಕ್ಕೇ ಕರಿಸಿದ್ದಪ್ಪನಿಗೆ ಹೆದರಿಕೆಯಾಯಿತು. "ಇಪ್ಪತ್ತೆರಡು ವರ್ಷದಾಗ ಒಂದಿನ ಒಲಿ ಹಚ್ಚಿದಿ. ಅದೂ ಹಚ್ಚದಿದ್ರ ಏನಾಗ್ತಿತ್ತು" ಎಂದಷ್ಟೇ ಹೇಳಿ ಬೇವು ಬೆಲ್ಲ ತಿನ್ನಲು ಕೂತಳು. ಆ ವರ್ಷ ಅವಳಿಗೆ ಬೆಲ್ಲವೂ ಕಹಿಯಾಗಿತ್ತು.

ಸುದ್ದಿ ತಿಳಿದು ಎರಡೇ ದಿನದಲ್ಲಿ ಆರು ಬಗೆಯ ಬೀಜ ಮನೆಗೆ ತಾನಾಗಿ ಬಂತು. ಅವಳಿಂದ ಒಯ್ದವರೇ ಹಿಡಿ ಹಿಡಿ ತಂದು ಕೊಟ್ಟರು. ಏಳನೆಯದನ್ನು ಯಾರಿಗೂ ಕೊಟ್ಟಿರಲಿಲ್ಲವಲ್ಲ, ಯಾರು ತಂದಾರು? ಹದಿನೈದು ದಿನ ಅಂಜಿನಕ್ಕ ಹಿತ್ತಲಿಗೆ ಸರಿಯಾಗಿ ಕಾಲಿಡಲಿಲ್ಲ. ಆಗ ಪಕ್ಕದ ಮನೆಯ ಕೆಂಚಕ್ಕ ಕೊಟ್ಟೂರಿಗೆ ಹೋಗಿ ಬಂದವಳು ಕಟ್ಟೆಗೆ ಕೂತು ಊಟದ ವರದಿ ಒಪ್ಪಿಸಿದಳು.

"ಕಿರಾಣಿ ಅಂಗಡಿ ಕಲ್ಯಾಣಮ್ಮನ ಮನ್ಯಾಗ ಎಣ್ಣಿಗಾಯಿ ಮಾಡಿದ್ರವ್ವ. ಬದನಿಕಾಯಿ ಅಂತ ಬಾಯಾಗ ಇಟ್ಕೊಂಡ್ರ ಹೀರಿಕಾಯಿ. ಇಷ್ಟಿಷ್ಟ ಅದಾವ."

ಅಂಜಿನಕ್ಕ ಧಡಕ್ಕನೆ ಎದ್ದು ನಿಂತಳು. ಸಂತೋಷಕ್ಕೆ ಅರ್ಧ, ನಾಚಿಕೆಗೆ ಅರ್ಧ. ಕಲ್ಯಾಣಮ್ಮನ ಸೊಸೆ ಗಂಗಾಂಬಿಕಾ ನಾಲ್ಕು ವರ್ಷದ ಹಿಂದೆ, ಹೊಸ ಮದುಮಗಳು, ಗುಡೇಕೋಟೆಗೆ ಒಂದು ಮದುವೆಗೆ ಬಂದಿದ್ದಳು. ಅಂಜಿನಕ್ಕನ ಹಿತ್ತಲ ಚಪ್ಪರದಲ್ಲಿ ಈ ಗೊಂಚಲು ಕಂಡು, ಬೀಜ ಪಡೆಯದೆ ಹೋಗುವುದೇ ಇಲ್ಲ ಎಂದು ನಿಂತುಬಿಟ್ಟಿದ್ದಳು. ಇಲ್ಲವೆನ್ನಲು ಬಾಯಿ ಬರದೆ ಅಂಜಿನಕ್ಕ ಒಳಗೆ ಹೋಗಿ ಬೀಜ ಮೊರಕ್ಕೆ ಸುರಿದು, ಗಟ್ಟಿ ಬೀಜ ಬದಿಗೆ ಸರಿಸಿ, ಜೊಳ್ಳು ಬೀಜ ಹನ್ನೆರಡು ಆರಿಸಿ ಕೊಟ್ಟು, ನಗುತ್ತಾ ಕಳಿಸಿದ್ದಳು. ಆ ಜೊಳ್ಳಿನಲ್ಲಿ ಒಂದು ಗಟ್ಟಿ ಬೀಜ ತನ್ನ ಕಣ್ಣು ತಪ್ಪಿಸಿಕೊಂಡು ಹೋಗಿತ್ತೆಂದು ಈಗ ತಿಳಿಯಿತು.

ಮರುದಿನ ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರಿಗೆ ಹೋದಳು. ಕಲ್ಯಾಣಮ್ಮ ದೊಡ್ಡ ಮಾತಿನ ಹೆಂಗಸು. ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಬಂದ ಕಾರಣ ಕೇಳಿ, "ಅದಕ್ಕೇನವ್ವ, ನಿಮ್ಮ ಬೀಜಾನ ಅಲ್ಲೇನು" ಎಂದಳು. ಗಂಗಾಂಬಿಕಾ ಒಳಗಿನಿಂದ ಬಟ್ಟೆಯ ಗಂಟು ತಂದು ಬಿಚ್ಚಿದಳು. ಕರ್ರಗೆ, ಮೈತುಂಬಿಕೊಂಡು, ಒಂದೊಂದೂ ಗಟ್ಟಿ ಬೀಜ. ಅಂಜಿನಕ್ಕ ಎದ್ದು ನಿಂತು ಉಡಿ ಒಡ್ಡಿದಳು. ಗಂಗಾಂಬಿಕಾ ಬೊಗಸೆ ತುಂಬಿಕೊಳ್ಳುವಷ್ಟರಲ್ಲಿ ಅತ್ತೆ ತಡೆದಳು.

"ನೀ ಮುಟ್ಟಬ್ಯಾಡ, ನಾ ಹಾಕ್ತೀನಿ. ಪಾಪ, ಅಷ್ಟು ದೂರದಿಂದ ಬಂದಾರ, ಅವರ ಬೀಜ ಸುಳ್ಳಾಗಬಾರದು." ಆಮೇಲೆ ಅಂಜಿನಕ್ಕನ ಕಡೆ ತಿರುಗಿದಳು. "ಈಕಿ ಕೈಗುಣ ಚಲೋ ಇಲ್ಲವ್ವ. ನಿಮ್ಮಂಥಾರು ಕೊಟ್ಟ ಹನ್ನೆರಡು ಬೀಜದಾಗ ಒಂದ ಹುಟ್ಟಿಸಿದ್ಲು. ಅವತ್ತಿಂದ ನಾ ಈಕಿ ಕೈಯಾಗ ಬೀಜ ಕೊಟ್ಟಿಲ್ಲ. ನೀರು ಹಾಕ್ಲಿ, ಕಳೆ ಕೀಳ್ಲಿ, ಬೀಜ ಮಾತ್ರ ನಾನ ಹಾಕ್ತೀನಿ."

ಗಂಗಾಂಬಿಕಾ ಬೊಗಸೆಯನ್ನು ಗಂಟಿಗೆ ಬಗ್ಗಿಸಿ, ಕೈ ಸೆರಗಿಗೆ ಒರೆಸಿಕೊಂಡು ಹಿಂದೆ ಸರಿದಳು. ನಾಲ್ಕು ವರ್ಷ ಅಭ್ಯಾಸವಾದದ್ದು. ಕಲ್ಯಾಣಮ್ಮ ಬೀಜ ಉಡಿಗೆ ಸುರಿದಳು.

ಇನ್ನು ಉಡಿ ಬಿಗಿದುಕೊಂಡು ಎರಡು ಗಂಟೆಯ ಬಸ್ಸು ಹಿಡಿದರೆ ಮುಗಿಯಿತು. ಬೀಜವೂ ಸಿಕ್ಕಿತು, ಹೆಸರೂ ಉಳಿಯಿತು. ಬಾಯಿ ಬಿಟ್ಟರೋ, ಕಲ್ಯಾಣಮ್ಮನ ಅಂಗಡಿಗೆ ಬರುವವರೆಲ್ಲ ಬೆಲ್ಲದ ಜೊತೆ ಆ ಸುದ್ದಿಯನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ. ಮುಂದೆ ಯಾರು ಕರೆದು ಮೊದಲ ಬೀಜ ಹಾಕಿಸಿಯಾರು? ಅಂಜಿನಕ್ಕ ಚಪ್ಪಲಿ ಮೆಟ್ಟಿದಳು. ಹೊಸ್ತಿಲ ಹತ್ತಿರ ಆ ಹುಡುಗಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಂಜಿನಕ್ಕ ಹೋಗಿಬಿಡುತ್ತಿದ್ದಳೇನೋ. ಚಪ್ಪಲಿ ಬಿಟ್ಟು ವಾಪಸು ಬಂದು ಚಾಪೆಯ ಮೇಲೆ ಕೂತಳು.

"ಕಲ್ಯಾಣಮ್ಮ, ಈಕಿ ಕೈಯಾಗ ಏನೂ ತಪ್ಪಿಲ್ರಿ. ನಾ ಕೊಟ್ಟಿದ್ದು ಜೊಳ್ಳು. ಗೊತ್ತಿದ್ದ ಆರಿಸಿ ಕೊಟ್ಟಿದ್ದೆ. ಎಲ್ಲೂ ಹುಟ್ಟಬಾರದು, ನನ್ನ ಹತ್ರ ಅಷ್ಟ ಇರ್ಲಿ ಅಂತ. ಜೊಳ್ಳಿನಾಗ ಒಂದು ಹುಟ್ಟಿಸ್ಯಾಳಂದ್ರ ಈಕಿ ಕೈ ನನ್ನ ಕೈಗಿಂತ ಚಲೋ ಐತಿ."

ಗಂಗಾಂಬಿಕಾ ಕುಂಕುಮದ ಬಟ್ಟಲನ್ನು ಕೆಳಗಿಟ್ಟು ಸರಸರ ಒಳಗೆ ಹೋದಳು. ಅಳಲು ಹೋದಳೆಂದುಕೊಂಡಳು ಅಂಜಿನಕ್ಕ. ಅಳಲು ಹೋದದ್ದಲ್ಲ. ಅತ್ತೆಯ ಬೀಜದ ಡಬ್ಬಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು, ಕಳೆ ಕೀಳುವ ಕುರುಚಿಗೆ ಹಿಡಿದು, ನಡುಮಧ್ಯಾಹ್ನದ ಬಿಸಿಲಿಗೆ ಹಿತ್ತಲಿಗಿಳಿದಳು. ಸೌತೆಯೋ ಕುಂಬಳವೋ ನೋಡಲಿಲ್ಲ. ಗುಂಡಿ ತೆಗೆಯುವುದು, ಬೀಜ ಹಾಕುವುದು, ಮಣ್ಣೆಳೆಯುವುದು.

"ಏ ಹುಡುಗಿ, ಈ ಬಿಸಲಾಗ ಯಾರರ ಬೀಜ ಹಾಕ್ತಾರೇನು?" ಎಂದಳು ಕಲ್ಯಾಣಮ್ಮ.

"ನಾ ಹಾಕ್ತೀನ್ರಿ" ಎಂದಳು ಸೊಸೆ.

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ತೊಟ್ಟಿಯಿಂದ ನೀರು ತುಂಬಿ ತುಂಬಿ ಕೊಟ್ಟಳು. ಅಂಜಿನಕ್ಕ ಕೊಡ ಹೊತ್ತು ಗುಂಡಿ ಗುಂಡಿಗೂ ಹನಿಸಿದಳು. ಎರಡು ಗಂಟೆಯ ಬಸ್ಸು ಹೋಯಿತು, ನಾಲ್ಕರದೂ ಹೋಯಿತು. ಕೊನೆಯ ಗುಂಡಿಗೆ ನೀರು ಹಾಕುವಾಗ ಅಂಜಿನಕ್ಕ ಗಂಗಾಂಬಿಕಾಳ ಪಕ್ಕ ಕುಕ್ಕರಿಸಿದಳು.

"ಮಿರಗದ ಮಳಿಗೆ ಗುಡೇಕೋಟಿಗೆ ಬರ್ತೀಯೇನವ್ವ? ನನ್ನ ಹಿತ್ತಲಾಗ ಮೊದಲ ಬೀಜ ನೀನ ಹಾಕಬೇಕು."

ಗಂಗಾಂಬಿಕಾ ಕೈಯ ಮಣ್ಣು ಕೊಡವಿದಳು. ಆ ದಿನ ಮೊದಲ ಬಾರಿಗೆ ನಕ್ಕಳು.

"ಬರ್ತೀನ್ರಿ. ಆದ್ರ ಬೀಜ ನಾನ ಆರಿಸ್ತೀನಿ."